ಮೂರೂವರೆ ಬಸ್ಸಿನ ಹುಡುಗರು

‘ಅವಕಾಶಗಳಿಗೇನು ಬರವಿಲ್ಲ, ಬಳಸಿಕೊಳ್ಳುವ ಹುಡುಗರಿಗೆ ಬರ.’

ಈ ಮಾತನ್ನು ಇಪ್ಪತ್ತೆರಡು ವರ್ಷಗಳಿಂದ ಕೇಳುತ್ತಿದ್ದೇನೆ. ಶಾಸಕರ ಬಾಯಲ್ಲಿ ಕೇಳಿದ್ದೇನೆ, ನಿವೃತ್ತ ಕುಲಪತಿಗಳ ಬಾಯಲ್ಲಿ ಕೇಳಿದ್ದೇನೆ, ವಾರ್ಷಿಕೋತ್ಸವಕ್ಕೆ ಬಂದ ಬ್ಯಾಂಕ್ ಮ್ಯಾನೇಜರ ಬಾಯಲ್ಲಿ ಕೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ಟೀ ಹೀರುತ್ತ ನಮ್ಮವರೇ ಹೇಳುತ್ತಾರೆ. ಮುಚ್ಚುಮರೆ ಯಾಕೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಬಾಯಲ್ಲೂ ಅದು ಬಂದಿತ್ತು. ಮಾತು ಎಷ್ಟು ಸವೆದಿದೆಯೆಂದರೆ ಅದು ನಿಜವೋ ಸುಳ್ಳೋ ಎಂದು ಯಾರೂ ತಿರುಗಿಸಿ ನೋಡುವುದಿಲ್ಲ. ಇದು ಸುಳ್ಳು ಎಂಬುದು ನನ್ನ ವಾದ. ಸುಳ್ಳಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ತಪ್ಪನ್ನು ಹದಿನೆಂಟು ವರ್ಷದ ಮಕ್ಕಳ ತಲೆಗೆ ಕಟ್ಟುವ ಸುಳ್ಳು ಇದು.

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನಮ್ಮದು. ಕಳೆದ ವರ್ಷ ವ್ಯಕ್ತಿತ್ವ ವಿಕಸನ ಮತ್ತು ಉದ್ಯೋಗಾವಕಾಶ ಎಂಬ ಹೆಸರಲ್ಲಿ ಒಂದು ದಿನದ ಕಾರ್ಯಾಗಾರ ಇಟ್ಟುಕೊಂಡಿದ್ದೆವು. ಹನ್ನೊಂದಕ್ಕೆ ಶುರುವಾಗಬೇಕು. ಮುಖ್ಯ ಅತಿಥಿಗಳ ಕಾರು ಗೇಟಿನೊಳಗೆ ಬಂದದ್ದು ಒಂದು ಗಂಟೆ ದಾಟಿದ ಮೇಲೆ. ಬಂದವರಿಗೆ ಊಟ ಹಾಕದೆ ಇರಲಾದೀತೇ? ಊಟವಾಯಿತು. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ. ವೇದಿಕೆಯ ಮೇಲೆ ಒಂಬತ್ತು ಜನ. ಒಂಬತ್ತು ಜನಕ್ಕೂ ಶಾಲು, ಹಾರ, ನೆನಪಿನ ಕಾಣಿಕೆ, ಒಂದೊಂದಕ್ಕೂ ಫೋಟೊ. ಅತಿಥಿಗಳು ಮೈಕು ಹಿಡಿದಾಗ ಮೂರು ಗಂಟೆ. ಮೂರೂ ಹತ್ತಕ್ಕೆ ಹಿಂದಿನ ಸಾಲುಗಳು ಏಳತೊಡಗಿದವು. ಅತಿಥಿಗಳು ಮಾತು ನಿಲ್ಲಿಸಿ, ‘ನೋಡಿ, ನಮ್ಮ ಯುವಜನರ ಗತಿ ಇದು. ಕಾಲಬುಡಕ್ಕೆ ಬಂದ ಅವಕಾಶವನ್ನೂ ಒದ್ದು ಹೋಗುತ್ತಾರೆ’ ಎಂದರು. ವೇದಿಕೆ ತಲೆದೂಗಿತು.

ಎದ್ದು ಹೋದವರು ಮೂರೂವರೆ ಬಸ್ಸಿನವರು. ಅದು ತಪ್ಪಿದರೆ ಆ ದಾರಿಗೆ ಮುಂದಿನ ಬಸ್ಸು ಆರೂ ಮುಕ್ಕಾಲಿಗೆ, ಅದೂ ಹೋಬಳಿ ಕೇಂದ್ರದ ತನಕ ಮಾತ್ರ. ಅಲ್ಲಿಂದಾಚೆ ಮೂರು ನಾಲ್ಕು ಕಿಲೋಮೀಟರ್ ಕತ್ತಲಲ್ಲಿ ನಡೆಯಬೇಕು, ಇಲ್ಲವೇ ಅಪ್ಪನೋ ಅಣ್ಣನೋ ಬೈಕ್ ತಂದು ಕಾಯಬೇಕು. ಹುಡುಗಿಯೊಬ್ಬಳು ಎರಡು ಸಲ ಹಾಗೆ ಹೊತ್ತು ಮೀರಿ ಮನೆ ಸೇರಿದರೆ ಮೂರನೇ ಸಲಕ್ಕೆ ಕಾಲೇಜಿಗೇ ಕುತ್ತು ಬರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡು ಇಲ್ಲವಾಯಿತು. ದೊಡ್ಡ ಕೆಲಸವೇ, ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ನಮ್ಮ ಆ ದಾರಿಗೆ ಬಸ್ಸು ಮಾತ್ರ ಅಷ್ಟೇ ಉಳಿಯಿತು. ಹನ್ನೊಂದಕ್ಕೆ ಬಂದು ಹನ್ನೊಂದೂವರೆಗೆ ಮಾತು ಶುರು ಮಾಡಿದ್ದರೆ ಅತಿಥಿಗಳ ಎದುರು ಇನ್ನೂರು ಮಕ್ಕಳು ಬೆಳಗಿನ ಬುದ್ಧಿಯಲ್ಲಿ ಕೂತಿರುತ್ತಿದ್ದರು. ಎರಡು ಗಂಟೆ ತಡವಾಗಿ ಬಂದವರಿಗೆ ಹಾರ ಬಿತ್ತು, ಸರಿಯಾದ ಹೊತ್ತಿಗೆ ಹೊರಟವರಿಗೆ ಬೈಗುಳ ಸಿಕ್ಕಿತು.

‘ಹಾಗಾದರೆ ಭಾನುವಾರ ಇಡಿ’ ಎಂದರು ಒಬ್ಬರು. ಭಾನುವಾರ ನಮ್ಮ ಹುಡುಗರಲ್ಲಿ ಒಂದು ಪಾಲು ಕಲ್ಯಾಣ ಮಂಟಪದಲ್ಲಿರುತ್ತದೆ. ಕೇಟರಿಂಗ್‌ಗೆ ಹೋಗುವುದು ಎಂದರೆ ಹಳ್ಳಿಯಿಂದ ಬಂದು ಓದುವ ಗಂಡುಹುಡುಗರಿಗೆಲ್ಲ ಗೊತ್ತು. ಲಗ್ನದ ಸೀಸನ್ನಿನಲ್ಲಿ ರಾತ್ರಿಯ ರಿಸೆಪ್ಷನ್, ಬೆಳಗಿನ ಧಾರೆ ಎರಡಕ್ಕೂ ಬಡಿಸಿದರೆ ಕೈಗೆ ಒಂದಿಷ್ಟು ಕಾಸು, ಹೊಟ್ಟೆಗೆ ಎರಡು ಊಟ. ನೆಂಟರ ಮದುವೆಯೊಂದರಲ್ಲಿ ನಾನು ಪಂಕ್ತಿಗೆ ಕೂತಾಗ ಕೋಸಂಬರಿ ಹಾಕಿಕೊಂಡು ಬಂದವನು ನನ್ನದೇ ಎರಡನೇ ವರ್ಷದ ಬಿ.ಎ. ಹುಡುಗ. ಒಂದು ಗಳಿಗೆ ಇಬ್ಬರೂ ತಬ್ಬಿಬ್ಬಾದೆವು. ಆಮೇಲೆ ಅವನೇ ಸುಧಾರಿಸಿಕೊಂಡು, ‘ಸಾರ್, ಒಬ್ಬಟ್ಟು ಬರ್ತಿದೆ, ತುಪ್ಪಾನೂ ಇದೆ, ಹೇಳ್ತೀನಿ’ ಎಂದ. ಅದರ ಹಿಂದಿನ ವಾರವಷ್ಟೇ ಜಿಲ್ಲಾ ಮಟ್ಟದ ಚರ್ಚಾ ಸ್ಪರ್ಧೆಗೆ ಅವನ ಹೆಸರನ್ನು ನಾನೇ ಬರೆದು ಕಳಿಸಿದ್ದೆ. ಅವನು ಹೋಗಿರಲಿಲ್ಲ. ‘ಆಸಕ್ತಿ ಇಲ್ಲದ ಹುಡುಗ’ ಎಂದು ಸ್ಟಾಫ್ ರೂಮಿನಲ್ಲಿ ಷರಾ ಬರೆದಾಗಿತ್ತು. ಯಾಕೆ ಹೋಗಲಿಲ್ಲವೆಂದು ಕೇಳುವ ಧೈರ್ಯ ಆ ಎಲೆಯ ಮುಂದೆ ನನಗೆ ಬರಲಿಲ್ಲ.

ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆಂದು ವಿದ್ಯಾಸಿರಿ ಯೋಜನೆಯಿದೆ. ಶುರುವಾದಾಗ ಅದು ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ದಿನಕ್ಕೆ ಐವತ್ತು ರೂಪಾಯಿ ಲೆಕ್ಕ. ಇಂಥ ಲೆಕ್ಕದಲ್ಲಿ ಬದುಕುವ ಹುಡುಗನ ಕೈಗೆ ಬೆಂಗಳೂರಿನ ಯಾವುದೋ ಕಾಲೇಜಿನ ಫೆಸ್ಟಿನ ಕರಪತ್ರ ಕೊಡುತ್ತೇವೆ. ತಂಡಕ್ಕಿಷ್ಟು ನೋಂದಣಿ ಶುಲ್ಕ, ಹೋಗಿ ಬರುವ ಖರ್ಚು, ಒಂದು ರಾತ್ರಿ ಉಳಿಯುವ ವ್ಯವಸ್ಥೆ, ಕಪ್ಪು ಪ್ಯಾಂಟು, ಬಿಳಿ ಷರ್ಟು, ಷೂ. ಹೋಗದಿದ್ದರೆ ಎಕ್ಸ್‌ಪೋಷರ್ ಬೇಡವಾದವನು ಎನ್ನುತ್ತೇವೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಗಾದೆ ನಮ್ಮ ಹಿರಿಯರಿಗೆ ಸುಮ್ಮನೆ ಹೊಳೆದದ್ದಲ್ಲ.

ಫೆಸ್ಟುಗಳ ಮೇಲೆ ನನಗೆ ಹಗೆಯಿಲ್ಲ. ನಗರದ ಕಾಲೇಜುಗಳಲ್ಲಿ ಹುಡುಗರು ಪ್ರಾಯೋಜಕರ ಬಾಗಿಲು ತಟ್ಟಿ, ಪೆಂಡಾಲು ಹಾಕಿಸಿ, ಲೆಕ್ಕ ಬರೆದು, ಜಗಳ ಆಡಿ ಮುಗಿಸುವ ಆ ಮೂರು ದಿನಗಳಲ್ಲಿ ಕಲಿಯುವುದು ತರಗತಿಯಲ್ಲಿ ಮೂರು ತಿಂಗಳು ಕೂತರೂ ಬರುವುದಿಲ್ಲ. ಆದರೆ ಅದು ಸಿಗುವುದು ಹಾಸ್ಟೆಲಿನಲ್ಲೋ ನಗರದ ಮನೆಯಲ್ಲೋ ಇರುವವರಿಗೆ. ಸಂಜೆ ಏಳಕ್ಕೆ ಮನೆಗೆ ಹೋಗಿ ಹಾಲು ಕರೆಯಬೇಕಾದ ತುರ್ತು ಅವರಿಗಿಲ್ಲ. ಇರಬಾರದು ಎಂದೂ ನಾನು ಹಾರೈಸುವುದಿಲ್ಲ. ಅವರ ಬಿಡುವನ್ನು ಅವರ ಪ್ರತಿಭೆ ಎಂದು ಅಂಕಪಟ್ಟಿಯ ಪಕ್ಕದಲ್ಲಿ ಬರೆಯಬೇಡಿ, ಇವರ ದುಡಿಮೆಯನ್ನು ಸೋಮಾರಿತನ ಎಂದು ಕರೆಯಬೇಡಿ. ಇಷ್ಟೇ ನನ್ನ ತಕರಾರು.

ಈಗ ಇನ್ನೊಂದು ಬದಿ ನೋಡೋಣ. ನಮ್ಮಲ್ಲಿ ಇಷ್ಟೊಂದು ಕಾರ್ಯಕ್ರಮಗಳು ನಡೆಯುವುದಾದರೂ ಯಾರಿಗಾಗಿ? ಒಂದು ಸೆಮಿಸ್ಟರಿನಲ್ಲಿ ಪಾಠಕ್ಕೆ ಸಿಗುವುದು ಹೆಚ್ಚೆಂದರೆ ಹದಿನಾರು ವಾರ. ಅಷ್ಟರಲ್ಲಿ ದಿನಾಚರಣೆಗಳು, ಜಾಗೃತಿ ಜಾಥಾಗಳು, ಪ್ರತಿಜ್ಞಾ ವಿಧಿಗಳು, ಉಪನ್ಯಾಸ ಮಾಲೆಗಳು, ವೆಬಿನಾರುಗಳು. ಉತ್ತರ ಪ್ರಾಂಶುಪಾಲರ ಕೋಣೆಯ ಕಬ್ಬಿಣದ ಬೀರುವಿನಲ್ಲಿರುವ ನ್ಯಾಕ್ ಕಡತಗಳಲ್ಲಿದೆ. ಬೆಂಗಳೂರಿನ ನಾಗರಬಾವಿಯಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ ಎಂಬ ಮೌಲ್ಯಮಾಪನ ಸಂಸ್ಥೆ 1994ರಲ್ಲಿ ಹುಟ್ಟಿತು. ಕಾಲೇಜುಗಳನ್ನು ಅದು ಏಳು ಮಾನದಂಡಗಳಲ್ಲಿ ತೂಗುತ್ತ ಬಂದಿದೆ. ಐದನೆಯದು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. ಉದ್ದೇಶ ಒಳ್ಳೆಯದೇ. ಆದರೆ ತೂಕಕ್ಕೆ ಹಾಕಲು ಸುಲಭವಾದದ್ದು ಸಂಖ್ಯೆ. ಎಷ್ಟು ಸಾಂಸ್ಕೃತಿಕ ಕಾರ್ಯಕ್ರಮ, ಎಷ್ಟು ವಿಸ್ತರಣಾ ಚಟುವಟಿಕೆ, ಎಷ್ಟು ಮಂದಿ ಭಾಗವಹಿಸಿದರು, ಯಾವ ಯಾವ ರಾಷ್ಟ್ರೀಯ ಅಂತರರಾಷ್ಟ್ರೀಯ ದಿನಗಳನ್ನು ಆಚರಿಸಿದಿರಿ. ಹೀಗೆ ವರ್ಷ ವರ್ಷದ ಲೆಕ್ಕ, ಪ್ರತಿಯೊಂದಕ್ಕೂ ದಾಖಲೆ. ದಾಖಲೆ ಎಂದರೆ ಜಿಯೋ ಟ್ಯಾಗ್ ಇರುವ ಫೋಟೊ. ಚಿತ್ರದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ನಿಮಿಷ ಮೂಡಿರಬೇಕು.

ಈ ಫೋಟೊ ನಿಯಮ ಬಂದಂದಿನಿಂದ ನಮ್ಮ ಕಾರ್ಯಕ್ರಮಗಳ ದೇವರು ಬದಲಾದ. ‘ಮೊದಲು ಬ್ಯಾನರ್ ಹಿಡಿದು ಫೋಟೊ ತೆಗೆಸಿಬಿಡಿ, ಆಮೇಲೆ ಭಾಷಣ ಆದರೂ ಸರಿ, ಆಗದಿದ್ದರೂ ಸರಿ’ ಎಂಬ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಸಸಿ ನೆಡುವ ಕಾರ್ಯಕ್ರಮದಲ್ಲಿ ಒಂದೇ ಗುಂಡಿಗೆ ಎರಡು ವರ್ಷ ಸಸಿ ನೆಟ್ಟದ್ದನ್ನೂ ನೋಡಿದ್ದೇನೆ; ಮೊದಲನೆಯದು ಒಣಗಿದ್ದರಿಂದ ಗುಂಡಿ ತೋಡುವ ಶ್ರಮ ಉಳಿಯಿತು. ಅಕ್ಷಾಂಶ ರೇಖಾಂಶ ಎರಡೂ ವರ್ಷ ಸರಿಯಾಗಿಯೇ ಬಂದಿವೆ. ಆ ಚಿತ್ರಗಳಲ್ಲಿ ನಿಂತ ಮಕ್ಕಳು ಬೆಂಚು ತುಂಬಿಸಲು ತರಗತಿಯಿಂದ ಎಬ್ಬಿಸಿ ತಂದವರು. ಹಾಜರಿ ಕಡಿತದ ಬೆದರಿಕೆಯಿಂದ ಕೂರಿಸಿ, ಆಮೇಲೆ ಆಸಕ್ತಿಯಿಲ್ಲ ಎಂದು ಗೊಣಗುವುದು ಯಾವ ನ್ಯಾಯ?

ಎಂಜಿನಿಯರಿಂಗ್ ಕಾಲೇಜುಗಳ ಕತೆ ಇದಕ್ಕಿಂತ ಸೊಗಸಾಗಿದೆ. ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ ಸಮಾಜಮುಖಿ ಚಟುವಟಿಕೆಗಳಿಗೆಂದು ಅಂಕ ಇಟ್ಟಿತು. ನಾಲ್ಕು ವರ್ಷ ಓದುವವರು 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು 75. ಹಳ್ಳಿಗೆ ಹೋಗಿ, ನೀರು, ನೈರ್ಮಲ್ಯ, ಶಾಲೆ ಎಂದು ಜನರ ನಡುವೆ ಕೆಲಸ ಮಾಡಲಿ ಎಂಬ ಆಸೆ. ಈಗ ಪರೀಕ್ಷೆಯ ಹೊತ್ತಿಗೆ ಹುಡುಗರು ಒಬ್ಬರನ್ನೊಬ್ಬರು ಕೇಳುವುದು ‘ಎಷ್ಟು ಪಾಯಿಂಟ್ ಬಾಕಿ ಇದೆ ಮಗಾ?’ ಎಂದು. ಹಳ್ಳಿ ಯಾವುದು ಎಂದು ಕೇಳಿದರೆ ಸರ್ಟಿಫಿಕೇಟ್ ತೆಗೆದು ನೋಡಬೇಕು. ಸೇವೆಗೆ ಪಾಯಿಂಟು ಕಟ್ಟಿದರೆ ಉಳಿಯುವುದು ಪಾಯಿಂಟು ಮಾತ್ರ ಎಂದು ಅಂಗಡಿಯಲ್ಲಿ ಕೂತ ಶೆಟ್ಟರಿಗೂ ಗೊತ್ತಿರುತ್ತದೆ. ದೊಡ್ಡ ದೊಡ್ಡ ಸಮಿತಿಗಳಿಗೆ ಮಾತ್ರ ಪ್ರತಿ ಸಲ ಹೊಸದಾಗಿ ಗೊತ್ತಾಗಬೇಕು.

ಇ-ಸರ್ಟಿಫಿಕೇಟಿನ ಬಗ್ಗೆ ಹೇಳುವುದೇ ಬೇಡ. ಕೊರೋನಾ ಕಾಲದಲ್ಲಿ ಶುರುವಾದ ಜ್ವರ ಇನ್ನೂ ಇಳಿದಿಲ್ಲ. ಲಿಂಕ್ ಒತ್ತು, ಗೂಗಲ್ ಫಾರ್ಮ್ ತುಂಬು, ಸರ್ಟಿಫಿಕೇಟ್ ಬಂತು. ನಮ್ಮಲ್ಲೊಬ್ಬಳ ಹತ್ತಿರ ಅಂಥವು ನಲವತ್ತಕ್ಕಿಂತ ಹೆಚ್ಚಿವೆ. ಸಂದರ್ಶನಕ್ಕೆಂದು ಎಲ್ಲವನ್ನೂ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದಳು. ಎದುರು ಕೂತವರು ಒಂದನ್ನೂ ತೆರೆದು ನೋಡಲಿಲ್ಲ. ಅವಳಿಗೆ ಆದದ್ದು ಪ್ರಿಂಟಿನ ಖರ್ಚು.

ಇಂಟರ್ನ್‌ಶಿಪ್ ಎಂಬ ಮಾತು ಈಗ ಎಲ್ಲರ ನಾಲಗೆಯ ಮೇಲಿದೆ. ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿ ಎರಡು ತಿಂಗಳು ಕೆಲಸ ಕಲಿಯಿರಿ, ಅನುಭವವೇ ಸಂಬಳ ಎನ್ನುತ್ತಾರೆ. ಅನುಭವವನ್ನು ಪಿಜಿಯ ಬಾಡಿಗೆಗೆ ಕೊಡಲು ಬರುತ್ತದೆಯೇ? ಇಲ್ಲೊಂದು ಸಂಗತಿ ಗಮನಿಸಬೇಕು. ನಮ್ಮ ದೇಶದಲ್ಲಿ 1961ರಲ್ಲೇ ಅಪ್ರೆಂಟಿಸ್ ಕಾಯ್ದೆ ಬಂತು. ಅದರಡಿ ಕಲಿಯಲು ಬಂದವನಿಗೆ ಸ್ಟೈಪೆಂಡ್ ಕೊಡಲೇಬೇಕು. ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು 2019ರಲ್ಲಿ ನಿಯಮ ತಿದ್ದಿದರು. ಅದೇ ಕೆಲಸಕ್ಕೆ ಇಂಟರ್ನ್‌ಶಿಪ್ ಎಂದು ಹೆಸರಿಟ್ಟರೆ ಒಂದು ರೂಪಾಯಿಯನ್ನೂ ಕೊಡದೆ ಮಾಡಿಸಿಕೊಳ್ಳುವವರಿದ್ದಾರೆ. ಹೆಸರು ಬದಲಾದದ್ದರಲ್ಲಿ ಲಾಭ ಯಾರಿಗೆ ಎಂದು ವಾಣಿಜ್ಯ ವಿಭಾಗದ ಮೊದಲ ವರ್ಷದ ಮಕ್ಕಳೂ ಹೇಳುತ್ತಾರೆ. ಮನೆಯಿಂದ ದುಡ್ಡು ತರಿಸಿಕೊಂಡು ಪುಕ್ಕಟೆ ದುಡಿಯಬಲ್ಲವನಿಗೆ ಮಾತ್ರ ತೆರೆದ ಬಾಗಿಲು ಅದು. ಅದಕ್ಕೂ ನಾವು ಇಟ್ಟಿರುವ ಹೆಸರು ಅವಕಾಶ.

ಸುದ್ದಿ ತಲುಪುವ ಬಗೆಯನ್ನೂ ನೋಡಿ. ವಿಶ್ವವಿದ್ಯಾಲಯದಿಂದ ಸುತ್ತೋಲೆ ಹೊರಡುತ್ತದೆ, ಇಂಗ್ಲಿಷಿನಲ್ಲಿ. ಅದು ಪ್ರಾಂಶುಪಾಲರ ಮೇಲ್‌ಗೆ ಬಂದು, ಅವರು ಗುಮಾಸ್ತರಿಗೆ ಹೇಳಿ, ಅವರು ಪ್ರಿಂಟ್ ತೆಗೆದು, ಸಹಿಯಾಗಿ, ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಸೇರುವಷ್ಟರಲ್ಲಿ ಕೊನೆಯ ದಿನಾಂಕ ನಾಳೆಯೋ ನಿನ್ನೆಯೋ ಆಗಿರುತ್ತದೆ. ಅದನ್ನು ಬಿಡಿಸಿ ಹೇಳಿ, ಅರ್ಜಿ ತುಂಬಿಸಿ, ಜೊತೆಗೆ ಕರೆದೊಯ್ಯುವ ಮೇಷ್ಟ್ರು ಬೇಕಲ್ಲ? ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ಭಾರ ಹೊತ್ತಿರುವುದು ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ತಿಳಿಯದವರು, ಮಕ್ಕಳನ್ನು ಧಾರವಾಡಕ್ಕೋ ಮಂಗಳೂರಿಗೋ ಯಾವ ಬಲದ ಮೇಲೆ ಕರೆದುಕೊಂಡು ಹೋಗಬೇಕು? ಹಾಗಿದ್ದೂ ಕೈಯಿಂದ ಖರ್ಚು ಹಾಕಿ ಕರೆದುಕೊಂಡು ಹೋಗುವ ಕೆಲವರನ್ನು ನಾನು ಬಲ್ಲೆ. ವೇದಿಕೆಯ ಮೇಲೆ ಅವರಿಗೆಂದೂ ಶಾಲು ಹೊದಿಸಿದ್ದು ಕಂಡಿಲ್ಲ.

ಇಷ್ಟು ಹೇಳಿದರೆ ಎದುರಿನವರ ಬತ್ತಳಿಕೆಯಿಂದ ಒಂದು ಬಾಣ ಬಂದೇ ಬರುತ್ತದೆ. ‘ಇಂಥದೇ ಹಳ್ಳಿಯಿಂದ ಬಂದು ಐಎಎಸ್ ಮಾಡಿದವರಿಲ್ಲವೇ? ಬೀದಿದೀಪದಲ್ಲಿ ಓದಿದವರಿಲ್ಲವೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.’ ಇದ್ದಾರೆ, ನಮಸ್ಕಾರ ಅವರಿಗೆ. ನದಿ ಈಜಿ ಶಾಲೆಗೆ ಹೋದವನೊಬ್ಬ ದೊಡ್ಡವನಾದ ಎಂದು ಸೇತುವೆ ಕಟ್ಟುವುದನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ಇಲ್ಲಿ ಮಾತ್ರ ಆ ಒಬ್ಬನ ಫೋಟೊ ತೋರಿಸಿ ಉಳಿದವರನ್ನು ಬೈಯುತ್ತೇವೆ. ಗಾದೆಯೇನೋ ಸರಿ. ಆದರೆ ಗಾದೆ ಹೇಳುವವರು ಒಂದು ಸಲ ಬಾಗಿ ನೆಲವನ್ನೂ ಮುಟ್ಟಿ ನೋಡಬೇಕು. ಕೆಲವು ಸಲ ಅದು ನಿಜಕ್ಕೂ ಡೊಂಕಾಗಿರುತ್ತದೆ.

ಕ್ಯಾಂಪಸ್ಸಿನಲ್ಲಿ ಒಳ್ಳೆಯದು ಹುಟ್ಟುವುದು ಹೇಗೆಂದು ನಮಗೆ ಗೊತ್ತಿಲ್ಲದೇ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಎಂಬ ಪತ್ರಿಕೆ ತಂದಿತು. ಹಿಂದೆ ನಿಂತವರು ಎ.ಆರ್. ಕೃಷ್ಣಶಾಸ್ತ್ರಿಗಳು. ಹೊಸಗನ್ನಡ ಸಾಹಿತ್ಯದ ಒಂದು ದೊಡ್ಡ ಭಾಗ ಆ ಪತ್ರಿಕೆಯ ಪುಟಗಳಲ್ಲಿ ಕಣ್ಣು ಬಿಟ್ಟಿತು. ಒಂದು ಕಾಲೇಜಿನ ಸಂಘ, ಒಬ್ಬ ಮೇಷ್ಟ್ರು, ಒಂದಿಷ್ಟು ಹುಡುಗರು. ಬ್ಯಾನರ್ ಇರಲಿಲ್ಲ, ಪಾಯಿಂಟೂ ಇರಲಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಆಸ್ಥೆಯಿಂದ, ನಗರದವರೇ ಹಳ್ಳಿಗೆ ಬಂದು ಹಲವು ದಿನ ಕೂತು ಕೇಳುವ ಸಂಸ್ಕೃತಿ ಶಿಬಿರವನ್ನು ಕಟ್ಟಿತು. ಅಲ್ಲಿಗೆ ಹೋಗಿ ಬಂದ ನಮ್ಮ ಹುಡುಗಿಯೊಬ್ಬಳು ಒಂದು ವಾರ ಲೈಬ್ರರಿ ಬಿಟ್ಟು ಏಳಲಿಲ್ಲ. ಉಳಿಯಲು ಜಾಗ, ಹೊಟ್ಟೆಗೆ ಊಟ, ಮಾತಿಗೆ ಹೊತ್ತು ಮೂರೂ ಇದ್ದಲ್ಲಿ ಆಸಕ್ತಿ ತಾನಾಗಿ ಹುಟ್ಟುತ್ತದೆ ಎಂದು ನಂಬಲು ನನಗೆ ಅಷ್ಟು ಸಾಕಾಯಿತು.

ಎನ್‌ಎಸ್‌ಎಸ್ ಶಿಬಿರವನ್ನೂ ಇದೇ ಮಾತಿಗೆ ಸೇರಿಸುತ್ತೇನೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಎಂಬ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟವರು ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ ಅರ್ಥಶಾಸ್ತ್ರಜ್ಞರು. ವರ್ಷಕ್ಕೆ 120 ಗಂಟೆ ಕೆಲಸ, ಏಳು ದಿನದ ವಿಶೇಷ ಶಿಬಿರ. ಆ 120 ಗಂಟೆ ಬಹಳ ಕಡೆ ಕಾಗದದ ಮೇಲಿನದ್ದು, ನನಗೆ ಭ್ರಮೆಯಿಲ್ಲ. ಆದರೆ ಏಳು ದಿನ ಶಾಲೆಯ ಜಗುಲಿಯಲ್ಲಿ ಚಾಪೆ ಹಾಸಿ ಮಲಗುವ ಶಿಬಿರದಲ್ಲಿ ನಮ್ಮ ‘ಆಸಕ್ತಿ ಇಲ್ಲದ’ ಹುಡುಗರನ್ನು ನೋಡಬೇಕು. ಅಡುಗೆ ಮಾಡುವವರು ಅವರೇ, ಚರಂಡಿ ಬಳಿಯುವವರು ಅವರೇ, ರಾತ್ರಿ ಊರ ಮುಂದೆ ನಾಟಕ ಆಡುವವರೂ ಅವರೇ. ತರಗತಿಯಲ್ಲಿ ಬಾಯಿ ಬಿಡದವಳು ಅಲ್ಲಿ ಮೈಕು ಹಿಡಿದು ಇಡೀ ಊರನ್ನು ನಗಿಸಿದ್ದಿದೆ. ಏಳು ದಿನ ಅವರಿಗೆ ಮೂರೂವರೆ ಬಸ್ಸಿನ ಹಂಗಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಪ್ರಶ್ನೆಯನ್ನು ನಾವು ಜಾಣತನದಿಂದ ಬದಿಗೆ ಸರಿಸಿದ್ದೇವೆ. ಕಾಲೇಜಿನಲ್ಲಿ ಯಾವ ಕಾರ್ಯಕ್ರಮ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ತೀರ್ಮಾನಿಸುವವರು ಯಾರು? ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1980ರ ದಶಕದ ಕೊನೆಯಲ್ಲಿ ನಿಂತವು. ಹೊಡೆದಾಟ, ರಾಜಕೀಯ, ಚಾಕು ಚೂರಿ ಎಂಬ ಕಾರಣ ಕೊಟ್ಟರು. ಆ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲೇ ದಾರಿ ತೋರಿಸಿತ್ತು. ಅಭ್ಯರ್ಥಿಯೊಬ್ಬನಿಗೆ 5,000 ರೂಪಾಯಿಯ ಖರ್ಚಿನ ಮಿತಿ, ವಯಸ್ಸಿನ ಮಿತಿ, ಹಾಜರಿಯ ನಿಯಮ. ಸುಪ್ರೀಂ ಕೋರ್ಟ್ ಆ ಶಿಫಾರಸುಗಳನ್ನು ಜಾರಿ ಮಾಡಿ ಎಂದಿತು. ನಮ್ಮಲ್ಲಿ ಈಗಲೂ ಹೆಚ್ಚಿನ ಕಡೆ ಹೆಚ್ಚು ಅಂಕ ಪಡೆದವರನ್ನು ಪ್ರತಿನಿಧಿ ಎಂದು ಹೆಸರಿಸಿ, ಸ್ವಾಗತ ಮತ್ತು ವಂದನಾರ್ಪಣೆಗೆ ಬಳಸಿಕೊಳ್ಳುತ್ತೇವೆ. ಹದಿನೆಂಟಕ್ಕೆ ವಿಧಾನಸಭೆಗೆ ಮತ ಹಾಕುವವಳಿಗೆ ತನ್ನ ಕಾಲೇಜಿನ ಕಾರ್ಯಕ್ರಮ ಎಷ್ಟು ಹೊತ್ತಿಗೆ ಇರಬೇಕೆಂದು ಹೇಳುವ ಹಕ್ಕಿಲ್ಲ. ಇದ್ದಿದ್ದರೆ ಮೊದಲ ಸಭೆಯಲ್ಲೇ ಬಸ್ಸಿನ ಮಾತು ಬರುತ್ತಿತ್ತು.

ಬೇಕಾದದ್ದು ದುಬಾರಿ ಸಂಗತಿಗಳೇನಲ್ಲ. ಕಾರ್ಯಕ್ರಮಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ. ವಾರದಲ್ಲಿ ಎರಡು ದಿನ, ಮಧ್ಯಾಹ್ನಕ್ಕೆ ಮುಂಚೆ, ವೇಳಾಪಟ್ಟಿಯೊಳಗೇ ಒಂದು ಗಂಟೆಯನ್ನು ಮಕ್ಕಳ ಸಂಘಗಳಿಗೆಂದು ಬಿಡಿ. ಆ ಹೊತ್ತಿಗೆ ಪಾಠ ಬೇಡ, ಭಾಷಣವೂ ಬೇಡ. ಹೊರಗೆ ಸ್ಪರ್ಧೆಗೆ ಹೋಗುವವರಿಗೆ ಬಸ್ ಖರ್ಚು, ಊಟದ ಖರ್ಚನ್ನು ಹೊರಡುವ ಮುಂಚೆ ಕೊಡಿ. ಬಿಲ್ಲು ತಂದರೆ ಆರು ತಿಂಗಳ ಮೇಲೆ ಕೊಡುತ್ತೇವೆ ಎಂಬುದು ಕೈಯಲ್ಲಿ ಕಾಸಿರುವವರಿಗಾಗಿ ಮಾಡಿದ ನಿಯಮ. ಸುತ್ತೋಲೆಗಳು ಕನ್ನಡದಲ್ಲಿರಲಿ. ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ಪಿನ ಪ್ರಕಟಣೆಯನ್ನು ಕಾಲೇಜಿನ ಬೋರ್ಡಿಗೆ ಹಚ್ಚಬೇಡಿ. ನ್ಯಾಕ್‌ನವರು ಎಷ್ಟು ಕಾರ್ಯಕ್ರಮ ಎಂದು ಕೇಳುವ ಬದಲು, ಕಾರ್ಯಕ್ರಮದ ಕೊನೆಯ ತನಕ ಎಷ್ಟು ಮಕ್ಕಳು ಸ್ವಂತ ಇಚ್ಛೆಯಿಂದ ಕೂತಿದ್ದರು ಎಂದು ಕೇಳುವ ದಾರಿ ಹುಡುಕಲಿ. ಅದರ ಫೋಟೊ ತೆಗೆಯುವುದು ಕಷ್ಟ, ಗೊತ್ತು.

ಕೊನೆಯದಾಗಿ, ವೇದಿಕೆಯ ಮೇಲೆ ಕೂರುವ ಮಾನ್ಯರಲ್ಲಿ ಒಂದು ಬಿನ್ನಹ. ಮುಂದಿನ ಸಲ ನಮ್ಮಂಥ ಕಾಲೇಜಿನಿಂದ ಕರೆ ಬಂದರೆ ದಯವಿಟ್ಟು ಒಪ್ಪಿಕೊಳ್ಳಿ, ಮಕ್ಕಳಿಗೆ ನಿಮ್ಮ ಮಾತು ಬೇಕು. ಶಾಲು ಹಾರ ಬೇಡವೆಂದು ಮೊದಲೇ ಹೇಳಿಬಿಡಿ, ಒಂದು ಗಂಟೆ ಉಳಿಯುತ್ತದೆ. ಹನ್ನೊಂದಕ್ಕೆ ಎಂದಿದ್ದರೆ ಹನ್ನೊಂದಕ್ಕೇ ಬನ್ನಿ. ನಮ್ಮ ಬಸ್ಸು ಮೂರೂವರೆಗೆ.